ಆರು ಸಿಲಿಂಡರಿನ ಕಾರು, ಮನೆಮಂದಿಯ ರಿಪೇರಿ

ಹಳೆಯ ಕಾರು ಸಾಕಿಕೊಂಡವನ ಬದುಕಿನಲ್ಲಿ ನಗೆಪಾಟಲು ಅನ್ನುವುದು ಒಂದು ಸಲಕ್ಕೆ ಮುಗಿಯುವುದಿಲ್ಲ. ಬಾನೆಟ್ ಎತ್ತಿದಾಗಲೆಲ್ಲ ಒಂದೊಂದು ನಡೆಯುತ್ತದೆ, ನಮ್ಮ ಕಾರಿನ ಬಾನೆಟ್ ಮುಚ್ಚಿರುತ್ತಿದ್ದದ್ದೇ ಅಪರೂಪ.

ನಾನು ಹುಣಸೂರಿನ ಬಜಾರಿನಲ್ಲಿ ಗೊಬ್ಬರದ ಅಂಗಡಿ ಇಟ್ಟವನು. ಕಾರು ನಮ್ಮಪ್ಪ ಕೊಡಗಿನ ತೋಟದ ಮಾಲೀಕರೊಬ್ಬರಿಂದ ಕೊಂಡು ತಂದದ್ದು. ಅಮೆರಿಕದ್ದು, ಆರು ಸಿಲಿಂಡರು. ಮುಂದಿನ ಸೀಟಿನಲ್ಲೇ ಮೂರು ಜನ ಆರಾಮಾಗಿ ಕೂರಬಹುದು. ಮನೆಯಲ್ಲಿ ಅದಕ್ಕೆ ದೊಡ್ಡ ಕಾರು ಅಂತ ಹೆಸರು. ದಿನದ ಓಡಾಟಕ್ಕೆ ಚಿಕ್ಕದೊಂದಿದೆ. ಅದು ಕೀ ತಿರುಗಿಸಿದರೆ ಹೊರಡುತ್ತದೆ, ಹೋಗುತ್ತದೆ, ಬರುತ್ತದೆ. ಅದರ ಬಗ್ಗೆ ಹೇಳುವಂಥದ್ದು ಏನೂ ಇಲ್ಲ.

ಮಗಳ ಮದುವೆ ಗೊತ್ತಾಯಿತು. ಗಂಡಿನ ಕಡೆಯವರು ಕೆ.ಆರ್. ನಗರದವರು, ಛತ್ರವೂ ಅಲ್ಲೇ. ಮಗಳು ಒಂದೇ ಒಂದು ಆಸೆ ಹೇಳಿಕೊಂಡಳು: ಛತ್ರಕ್ಕೆ ಹೋಗುವುದಾದರೆ ತಾತನ ದೊಡ್ಡ ಕಾರಿನಲ್ಲೇ ಹೋಗಬೇಕು. ನನಗೆ ಖುಷಿಗೆ ಮಾತೇ ಹೊರಡಲಿಲ್ಲ. ನನ್ನ ಹೆಂಡತಿಗೆ ಹೊರಟಿತು.

"ನೋಡ್ರೀ, ಅವಳ ಆಸೆಗೆ ನಾನು ಅಡ್ಡ ಬರಲ್ಲ. ಆದ್ರೆ ಅವತ್ತು ಅದು ಮನೆ ಮುಂದಿಂದ ಏಳ್ಲಿಲ್ಲ, ಇಲ್ಲಾ ದಾರೀಲಿ ನಿಂತ್ಕೊಂಡ್ತು ಅಂದ್ರೆ, ಮದುವೆ ಮುಗಿದ ಮಾರನೇ ದಿನ ಗುಜರಿಯವನು ಬರ್ತಾನೆ. ನಾನೇ ಕರೆಸ್ತೀನಿ."

ಬರೀ ಬೆದರಿಕೆಯಲ್ಲ. ಗುಜರಿಯವನು ಪಿರಿಯಾಪಟ್ಟಣದಿಂದ ಆಗಲೇ ಒಂದು ಸಲ ಬಂದು, ಮಡ್‌ಗಾರ್ಡು ತಟ್ಟಿ ನೋಡಿ, ತಗಡು ಒಳ್ಳೇ ದಪ್ಪ ಇದೆ ಅಂತ ಮೆಚ್ಚಿ ಹೋಗಿದ್ದ. ಅವನು ತಟ್ಟಿದ ರೀತಿ ನನಗೆ ಹಿಡಿಸಲಿಲ್ಲ. ಹೆಂಡತಿ ಹಾಗಂದ ದಿನವೇ ನಮ್ಮ ಹಳೆಯ ಗ್ಯಾರೇಜು ಮೇಸ್ತ್ರಿಯನ್ನು ಕರೆಸಿದೆ. ಆತ ಸ್ಕ್ರೂಡ್ರೈವರ್ ಹಿಡಿಯನ್ನು ಕಿವಿಗೆ ಕೊಟ್ಟು, ತುದಿಯನ್ನು ಇಂಜಿನ್ನಿಗೆ ಒತ್ತಿ, ಡಾಕ್ಟರ ಗತ್ತಿನಲ್ಲಿ ಕೇಳಿಸಿಕೊಂಡು ತೀರ್ಪು ಕೊಟ್ಟ. ಇಂಜಿನ್ನು ಗಟ್ಟಿಯಾಗಿದೆ, ಅದಕ್ಕೆ ಪೆಟ್ರೋಲು ಉಣಿಸುವ ಕಾರ್ಬೊರೇಟರೂ ಕಿಡಿ ಕೊಡುವ ಇಗ್ನಿಷನ್ನೂ ಮುದಿಯಾಗಿವೆ, ಎರಡನ್ನೂ ತೆಗೆದು ಹೊಸ ಕಾಲದ್ದು ಕೂಡಿಸಬೇಕು.

೧. ಕುಡಿಯುವ ಚಟ

ನಮ್ಮ ಕಡೆಯ ಗ್ಯಾರೇಜುಗಳಲ್ಲಿ ಕಾರ್ಬೊರೇಟರ್ ಅಂತ ಯಾರೂ ಅನ್ನುವುದಿಲ್ಲ. ಕಾರ್ಪೊರೇಟರ್ ಅಂತಲೇ ಅನ್ನುವುದು. ನಮ್ಮ ಮೇಸ್ತ್ರಿಯೂ ಹಾಗೇ.

ಇದರ ಚರ್ಚೆಗೆ ನಾವಿಬ್ಬರೂ ಬಿಳಿಕೆರೆಯ ಒಂದು ಹೋಟೆಲಿನಲ್ಲಿ ಕೂತಿದ್ದೆವು. ಮೇಸ್ತ್ರಿ ದೊಡ್ಡ ದನಿಯವನು. ಈಗಿರುವ ಕಾರ್ಪೊರೇಟರ್ ಯಾವ ಕೆಲಸಕ್ಕೂ ಬಾರದು, ಬೆಳಗಾದರೆ ಕುಡಿಯುತ್ತದೆ, ಕುಡಿದು ಹೊಗೆ ಬಿಡುತ್ತದೆ, ಹೊಟ್ಟೆಯೆಲ್ಲ ಗಲೀಜು, ಇದನ್ನು ಕಿತ್ತು ಬಿಸಾಕದೆ ಗತಿಯಿಲ್ಲ ಅಂತ ಇಡ್ಲಿ ಮುರಿಯುತ್ತ ವಿವರಿಸುತ್ತಿದ್ದ. ನಾನು, ಅಪ್ಪನ ಕಾಲದ್ದಲ್ಲವಾ, ಇನ್ನೊಂದು ಸಲ ನೋಡೋಣ ಅಂದೆ. ಅದಕ್ಕವನು, ಇನ್ನೊಂದು ಸಲ ಅಂತ ಹೇಳಿ ಹೇಳಿಯೇ ಇಷ್ಟು ವರ್ಷ ಹಾಳಾಗಿದ್ದು ಅಂದ.

ಪಕ್ಕದ ಟೇಬಲ್ಲಿನಲ್ಲಿ ಬಿಳಿ ಬಟ್ಟೆಯ ಒಬ್ಬರು ಹಿಂಬಾಲಕರ ಜೊತೆ ಕೂತಿದ್ದರು. ಮೈಸೂರಿನಲ್ಲಿ ಒಂದು ಕಾಲಕ್ಕೆ ಕಾರ್ಪೊರೇಟರ್ ಆಗಿದ್ದವರು, ಮತ್ತೆ ನಿಲ್ಲುವ ಆಲೋಚನೆಯಲ್ಲಿದ್ದವರು. ಇದು ನಮಗೆ ಗೊತ್ತಿರಲಿಲ್ಲ. ಅವರು ಕಾಫಿ ಲೋಟ ಕೆಳಗಿಟ್ಟು, ಯಾರ ವಿಷಯ ಮಾತಾಡ್ತಿದ್ದೀರಿ ಅಂತ ನಮ್ಮ ಕಡೆ ತಿರುಗಿದರು. ಹಿಂಬಾಲಕರು ಎದ್ದೇ ನಿಂತರು.

ನಾನು ಗಾಬರಿಬಿದ್ದು ಹೊರಗೆ ನಿಂತಿದ್ದ ಕಾರು ತೋರಿಸಿ, ಅದರ ಬಾನೆಟ್ ತೆಗೆಸಿ, ಒಳಗಿದ್ದ ಕರಿಯ ಲೋಹದ ಗಂಟನ್ನು ಬೆರಳಿಟ್ಟು ತೋರಿಸಿದ ಮೇಲೆ ಅವರಿಗೆ ಸಮಾಧಾನವಾಯಿತು. ಆಮೇಲೆ ಕುತೂಹಲವೂ ಹುಟ್ಟಿತು. ಹೊಸದು ಹಾಕಿದರೆ ಈ ಕುಡಿಯುವುದು ನಿಲ್ಲುತ್ತದೆಯೇ ಅಂತ ಕೇಳಿದರು.

ಮೇಸ್ತ್ರಿ ಕೈ ಒರೆಸಿಕೊಳ್ಳುತ್ತ ಹೇಳಿದ: "ಕುಡಿಯೋದ ಯಾವ ಕಾರ್ಪೊರೇಟರೂ ಬುಡಲ್ಲ ಸಾಮಿ. ಹೊಸದಾದ್ರೆ ಕುಡ್ದಷ್ಟಕ್ಕೆ ಕೆಲ್ಸ ಮಾಡ್ತದೆ."

೨. ಬೈಲಕುಪ್ಪೆಯ ಗುರುತಿನವರು

ಹೊಸ ಕಾರ್ಬೊರೇಟರ್ ಬಂತು, ಕೂತಿತು. ಪರೀಕ್ಷೆಗೆ ಅಂತ ಕುಶಾಲನಗರದ ರಸ್ತೆ ಹಿಡಿದೆವು. ಪಿರಿಯಾಪಟ್ಟಣ ದಾಟುವವರೆಗೆ ಮೇಸ್ತ್ರಿ ತನ್ನನ್ನು ತಾನೇ ಹೊಗಳಿಕೊಂಡ. ಬೈಲಕುಪ್ಪೆ ಹತ್ತಿರ ಬಂದಾಗ ಕಾರು ಎರಡು ಸಲ ಕೆಮ್ಮಿ ನಿಂತಿತು. ಕೂಡಲೇ ಮೇಸ್ತ್ರಿ, ಅದು ಕಾರ್ಬೊರೇಟರಿನ ತಪ್ಪಲ್ಲ, ಹಳೆಯ ಇಗ್ನಿಷನ್ನಿನದು ಅಂತ ಘೋಷಿಸಿದ. ಯಾರ ತಪ್ಪಾದರೂ ತಳ್ಳಬೇಕಾದವನು ನಾನೇ.

ಎದುರಿಗೆ ಕೆಂಪು ವಸ್ತ್ರದ ನಾಲ್ಕೈದು ಮಂದಿ ಟಿಬೆಟಿನ ಸನ್ಯಾಸಿಗಳು ನಡೆದು ಬರುತ್ತಿದ್ದರು. ಮೇಸ್ತ್ರಿ ತನಗೆ ಗೊತ್ತಿದ್ದ ಹಿಂದಿಯನ್ನೆಲ್ಲ ಒಟ್ಟುಮಾಡಿ, ಸಾಲದ್ದಕ್ಕೆ ಕೈಯಿಂದ ತಳ್ಳುವ ಅಭಿನಯ ಮಾಡಿ, "ಗಾಡಿ ಬಂದ್, ಥೋಡಾ ಧಕ್ಕಾ, ಪ್ಲೀಸ್" ಅಂತ ಕೇಳಿಕೊಂಡ. ಅವರಲ್ಲಿ ಸ್ವಲ್ಪ ವಯಸ್ಸಾದವರು ಎಲ್ಲ ತಾಳ್ಮೆಯಿಂದ ಕೇಳಿ, ಬಾನೆಟ್ಟಿನೊಳಗೆ ಬಗ್ಗಿ ನೋಡಿ ಅಂದರು:

"ಯಾಕಣ್ಣ, ಪೆಟ್ರೋಲ್ ಬತ್ತಾ ಇಲ್ವಾ? ಪಾಯಿಂಟ್ ಉಜ್ಜಿ ನೋಡ್ದಾ?"

ಮೇಸ್ತ್ರಿಯ ಹಿಂದಿ ಅಲ್ಲಿಗೆ ನಿಂತುಹೋಯಿತು. ಅವರು ಹುಟ್ಟಿ ಬೆಳೆದದ್ದೆಲ್ಲ ಇಲ್ಲೇ ಅಂತೆ, ನಮ್ಮ ಹಾಗೇ ಮಾತು. ಎಲ್ಲರೂ ವಸ್ತ್ರ ಮೇಲೆತ್ತಿ ಕಟ್ಟಿ ಹಿಂದೆ ನಿಂತು ತಳ್ಳಿದರು, ಕಾರು ಹೊರಟಿತು. ನಾನು ಕಿಟಕಿಯಿಂದ ತಲೆ ಹೊರಗೆ ಹಾಕಿ ಕೈಮುಗಿದು, ತೊಂದರೆ ಕೊಟ್ಟೆವು, ಎಂದೂ ನೋಡದ ನಮಗಾಗಿ ಇಷ್ಟು ಮಾಡಿದಿರಿ ಅಂದೆ.

"ನಿಮ್ಮನ್ನ ನೋಡಿಲ್ಲ ಕಣಣ್ಣ," ಅಂದರು ಆ ಹಿರಿಯರು. "ಈ ಕಾರು ಗೊತ್ತು. ನಾನು ಹುಡುಗನಾಗಿದ್ದಾಗ್ಲೂ ತಳ್ಳಿದ್ದೀನಿ. ಆಗ ನಿಮ್ಮಪ್ಪ ಓಡಿಸ್ತಿದ್ರು."

೩. ಲಗ್ನಪತ್ರಿಕೆಯ ದಪ್ಪ

ಇನ್ನು ಇಗ್ನಿಷನ್. ಹಳೆಯದರಲ್ಲಿ ಪಾಯಿಂಟ್ ಅಂತ ಎರಡು ಪುಟ್ಟ ಲೋಹದ ತುಂಡುಗಳಿರುತ್ತವೆ. ಅವು ಕೂಡಿ ಬಿಟ್ಟು ಮಾಡಿದರೆ ಕಿಡಿ. ಅವುಗಳ ನಡುವಿನ ಸಂದು ಇಷ್ಟೇ ಇರಬೇಕು ಅಂತ ಲೆಕ್ಕವಿದೆ, ಅಳೆಯಲು ಬೇರೆ ಸಾಧನವೇ ಇದೆ. ನಮ್ಮ ಮೇಸ್ತ್ರಿ ಅದನ್ನು ಮುಟ್ಟಿದವನಲ್ಲ. ಆತನ ಅಳತೆ ಲಗ್ನಪತ್ರಿಕೆ. ಪತ್ರಿಕೆಯ ಒಂದು ಚೂರು ಕತ್ತರಿಸಿ ಸಂದಿನಲ್ಲಿ ತೂರಿಸಿ, ಬಿಗಿಯಾಗಿ ಬಂದರೆ ಸರಿ ಅನ್ನುತ್ತಾನೆ. ಅದಕ್ಕಾಗಿ ತಾಲ್ಲೂಕಿನಲ್ಲಿ ಯಾರ ಮದುವೆಯಾದರೂ ಪತ್ರಿಕೆ ಕೇಳಿ ಪಡೆದು ಜೋಪಾನ ಮಾಡುತ್ತಾನೆ. ಮದುವೆ ಹೇಗಾಯಿತು ಅಂತ ಕೇಳಿದರೆ, ಪತ್ರಿಕೆ ಬಲು ತೆಳು, ಸ್ಕೂಟರಿಗೂ ಆಗಲ್ಲ ಅಂತ ಉತ್ತರ ಬರುತ್ತದೆ.

ನನ್ನ ಹೆಂಡತಿ ಅರಿಶಿನ ಕುಂಕುಮ ಇಟ್ಟು ನಮ್ಮ ಮಗಳ ಪತ್ರಿಕೆಯನ್ನು ಆತನ ಕೈಗೆ ಕೊಟ್ಟಳು. ಆತ ವಧೂವರರ ಹೆಸರು ನೋಡಲಿಲ್ಲ, ಮುಹೂರ್ತ ನೋಡಲಿಲ್ಲ. ಮೂಲೆಯನ್ನು ಎರಡು ಬೆರಳಿನಲ್ಲಿ ಹಿಡಿದು ಬಳುಕಿಸಿ ನೋಡಿದ. ಮುಖ ಅರಳಿತು. ಇಂಥ ಪತ್ರಿಕೆ ಕೈಗೆ ಸಿಕ್ಕಿಯೇ ಇರಲಿಲ್ಲ, ದೊಡ್ಡ ಕಾರಿಗೆ ಅಂತಲೇ ಅಚ್ಚು ಹಾಕಿಸಿದ ಹಾಗಿದೆ ಅಂದ.

ಅಷ್ಟರಲ್ಲಿ ಕೊರಿಯರಿನಲ್ಲಿ ಹೊಸ ಎಲೆಕ್ಟ್ರಾನಿಕ್ ಇಗ್ನಿಷನ್ ಬಂತು. ಬೆಂಕಿಪೊಟ್ಟಣದಷ್ಟು ಕರಿಯ ಡಬ್ಬಿ. ಅದರಲ್ಲಿ ಪಾಯಿಂಟಿಲ್ಲ, ಸಂದಿಲ್ಲ, ಉಜ್ಜುವಂತಿಲ್ಲ, ಬಿಚ್ಚುವಂತಿಲ್ಲ. ಮೇಸ್ತ್ರಿ ಅದನ್ನು ತಿರುಗಿಸಿ ತಿರುಗಿಸಿ ನೋಡಿ, ಪತ್ರಿಕೆಯನ್ನು ನನ್ನ ಹೆಂಡತಿಯ ಮುಂದೆ ಹಿಡಿದು ಬೇಸರದಿಂದ ಕೇಳಿದ:

"ಪಾಯಿಂಟೇ ಇಲ್ಲಾಂದ್ಮೇಲೆ ಇನ್ನ ನಾನ್ಯಾಕವ್ವ ಮದ್ವೆಗೆ ಬರ್ಲಿ?"

೪. ಅರ್ಥ್

ಆ ಡಬ್ಬಿಯ ಜೊತೆ ಬಂದ ಕಾಗದದಲ್ಲಿ ಇದಕ್ಕೆ ಅರ್ಥ್ ಚೆನ್ನಾಗಿ ಕೊಡದಿದ್ದರೆ ಸುಟ್ಟುಹೋಗುತ್ತದೆ ಅಂತ ಬರೆದಿತ್ತು. ಕಾರಿನಲ್ಲಿ ಅರ್ಥ್ ಅಂದರೆ ಒಂದು ವೈರನ್ನು ಕಾರಿನ ಮೈಗೇ ಬೋಲ್ಟ್ ಹಾಕಿ ಬಿಗಿಯುವುದು, ಅಷ್ಟೇ. ಮನೆಗೋ ಪಂಪಿಗೋ ಆದರೆ ನೆಲದಲ್ಲಿ ಗುಂಡಿ ತೋಡಿ ಕೊಡುತ್ತಾರೆ.

ನನ್ನ ಭಾವಮೈದ ಪಂಪ್‌ಸೆಟ್ಟಿನ ವೈರಿಂಗ್ ಕೆಲಸದವನು. ಮದುವೆ ಕೆಲಸಕ್ಕೆ ಅಂತ ಮೊದಲೇ ಬಂದು ಉಳಿದಿದ್ದ. ಮೇಸ್ತ್ರಿ ಊಟಕ್ಕೆ ಹೋಗುವಾಗ, ಬಂದು ಅರ್ಥ್ ಕೊಡುತ್ತೇನೆ ಅಂತ ಹೇಳಿದ್ದನ್ನು ಇವನು ಕೇಳಿಸಿಕೊಂಡಿದ್ದಾನೆ. ಅಕ್ಕನ ಮನೆಗೆ ಇಷ್ಟಾದರೂ ಮಾಡೋಣ ಅಂತ ಅವನಿಗೆ ಅನ್ನಿಸಿದೆ. ನಾನು ಅಂಗಡಿಯಿಂದ ಬರುವಷ್ಟರಲ್ಲಿ ಅಂಗಳದಲ್ಲಿ ಸೊಂಟದಾಳದ ಗುಂಡಿ. ಒಳಗೆ ತಾಮ್ರದ ಪಟ್ಟಿ, ಮೇಲೆ ಇದ್ದಿಲು, ಉಪ್ಪು. ಉಪ್ಪು ಮದುವೆಯ ಅಡುಗೆಗೆ ತಂದಿಟ್ಟ ಚೀಲದ್ದು. ಗುಂಡಿಯಿಂದ ಎದ್ದ ದಪ್ಪ ತಂತಿ ದೊಡ್ಡ ಕಾರಿನ ಬಂಪರಿಗೆ ಬಿಗಿಯಾಗಿ ಸುತ್ತಿಕೊಂಡಿತ್ತು. ಇವನು ಬೆವರು ಒರೆಸಿಕೊಂಡು, ಇನ್ನು ಸಿಡಿಲು ಹೊಡೆದರೂ ಏನೂ ಆಗಲ್ಲ ಭಾವ ಅಂದ.

ಕಾರು ಹೊರಟಾಗ ಗುಂಡಿ ಏನು ಮಾಡಬೇಕಪ್ಪ ಅಂತ ಕೇಳಿದೆ. ಅವನು ಅಷ್ಟು ದೂರ ಯೋಚಿಸಿರಲಿಲ್ಲ.

ನನ್ನ ಹೆಂಡತಿ ಹೊರಗೆ ಬಂದು ಉಪ್ಪಿನ ಚೀಲ ನೋಡಿದಳು, ಗುಂಡಿ ನೋಡಿದಳು, ಕಾರು ನೋಡಿದಳು. ತಮ್ಮನಿಗೆ ಬೈಯುತ್ತಾಳೆ ಅಂದುಕೊಂಡೆ. "ಇನ್ನೊಂಚೂರು ಅಗಲ ತೋಡಿದ್ರೆ ಕಾರೇ ಹಿಡೀತಿತ್ತಲ್ಲೋ," ಅಂದಳು.

೫. ಸದ್ದಿಲ್ಲದ ಬರವು

ಎರಡೂ ಕೂತ ಮೇಲೆ ಕಾರು ಬದಲಾಗಿಹೋಯಿತು. ಸುಳ್ಳು ಹೇಳುವುದಿಲ್ಲ, ಮೊದಲ ದಿನ ಅದರ ಓಟ ಕೇಳಿ ನನಗೆ ಕಣ್ಣು ಒದ್ದೆಯಾಯಿತು. ಮುಂಚೆ ಢಬಢಬ ಅನ್ನುತ್ತಿದ್ದದ್ದು ಈಗ ಬರೀ ಗುಂಯ್ ಅನ್ನುತ್ತಿತ್ತು.

ಆ ಹುಮ್ಮಸ್ಸಿನಲ್ಲಿ ಮದುವೆಗೆ ಕರೆಯಲು ಎಚ್.ಡಿ. ಕೋಟೆಯ ಚಿಕ್ಕಪ್ಪನ ಮಗನ ಮನೆಗೆ ಅದರಲ್ಲೇ ಹೋದೆವು. ಹಿಂದೆ ಎಷ್ಟೋ ಸಲ ಇದೇ ಕಾರಿನಲ್ಲಿ ಹೋದಾಗ ಅವನ ಮನೆಗೆ ಬೀಗ ಹಾಕಿರುತ್ತಿತ್ತು. ಪಾಪ, ಸದಾ ಓಡಾಟದ ಮನುಷ್ಯ ಅಂತ ನಾವು ಅಂದುಕೊಳ್ಳುತ್ತಿದ್ದೆವು. ಈ ಸಲ ಬಾಗಿಲು ಹಾರು ಹೊಡೆದಿತ್ತು. ಅವನು ಜಗಲಿಯಲ್ಲಿ ಬನಿಯನ್ನು ಹಾಕಿಕೊಂಡು ಕಡಲೆಕಾಯಿ ತಿನ್ನುತ್ತಿದ್ದ. ನಮ್ಮನ್ನು ಕಂಡು ಎದ್ದು ಓಡಲಿಕ್ಕೂ ಆಗದೆ, ಕೂರಲಿಕ್ಕೂ ಆಗದೆ ನಿಂತ. ಒಳಗೆ ಅವನ ಹೆಂಡತಿ ಅವಸರದಲ್ಲಿ ಬೀಗ ಹುಡುಕುತ್ತಿದ್ದ ಸದ್ದು ನಮಗೆ ಸ್ಪಷ್ಟವಾಗಿ ಕೇಳಿಸಿತು.

ಕಾಫಿ ಕುಡಿದು ಹೊರಡುವಾಗ ಅವನು ಕಾರಿನ ಸುತ್ತ ಒಂದು ಸುತ್ತು ಬಂದು, ಮನಸ್ಸಿಗೆ ನೋವಾದವನ ಹಾಗೆ ಹೇಳಿದ: "ಒಳ್ಳೇ ಕಾರನ್ನ ಹಾಳು ಮಾಡ್ಕೊಂಡ್ರಿ ಕಣಣ್ಣ. ಮುಂಚೆ ಊರಾಚೆ ಇದ್ದಂಗೇ ಗೊತ್ತಾಗ್ತಿತ್ತು."

೬. ಮೂರು ಗೆರೆ

ಎಲ್ಲ ಸರಿಹೋಯಿತು ಅನ್ನುವಾಗ ಮೇಸ್ತ್ರಿಗೆ ಇನ್ನೊಂದು ಹೊಳೆಯಿತು. ಹೊಸ ಇಗ್ನಿಷನ್ನಿನ ಕಿಡಿ ಜೋರು, ಹಳೆಯ ವೈರುಗಳು ತಡೆಯಲಾರವು, ಅವನ್ನೂ ಬದಲಾಯಿಸಬೇಕು ಅಂದ. ಕರೆಂಟನ್ನು ಆರು ಸಿಲಿಂಡರಿಗೂ ಸರದಿ ಪ್ರಕಾರ ಹಂಚುವ ಒಂದು ಕರಿಯ ಮುಚ್ಚಳವಿದೆ, ಅದರಿಂದ ಆರು ವೈರು ಹೊರಡುತ್ತವೆ. ಯಾವ ವೈರು ಯಾವ ಸಿಲಿಂಡರಿಗೆ ಅನ್ನುವುದು ತಪ್ಪಿದರೆ ಇಂಜಿನ್ನು ಓಡುವುದಿಲ್ಲ, ಢಮಾರ್ ಅನ್ನುತ್ತದೆ.

ಛತ್ರಕ್ಕೆ ಹೊರಡುವ ಹಿಂದಿನ ದಿನ ಮೇಸ್ತ್ರಿ ನಮ್ಮ ಜಗಲಿಯಲ್ಲಿ ಕೂತು ಆ ಮುಚ್ಚಳಕ್ಕೆ ಹೊಸ ವೈರು ಸಿಕ್ಕಿಸಿದ. ಅಂದ ಕಾಣಲಿ ಅಂತ ಆರನ್ನೂ ಒಂದೇ ಅಳತೆಗೆ ಕತ್ತರಿಸಿದ್ದ. ಗುರುತು ಹಾಕಲು ಸೀಮೆಸುಣ್ಣ ಬೇಕು ಅಂದ. ಮನೆಯಲ್ಲಿರಲಿಲ್ಲ. ಕರಿಯ ರಬ್ಬರಿನ ಮೇಲೆ ಪೆನ್ನು ಮೂಡುತ್ತಿರಲಿಲ್ಲ. ನಾನು ದೇವರ ಮನೆಯಿಂದ ವಿಭೂತಿ ಗಟ್ಟಿ ತಂದು ಕೊಟ್ಟೆ. ಆತ ಒಂದು ಕ್ಷಣ ಅನುಮಾನಿಸಿ, ಕಣ್ಣಿಗೊತ್ತಿಕೊಂಡು, ಮೊದಲ ಸಿಲಿಂಡರಿನ ವೈರಿಗೆ ಒಂದು ಗೆರೆ, ಎರಡನೆಯದಕ್ಕೆ ಎರಡು, ಹೀಗೇ ಆರನೆಯದಕ್ಕೆ ಆರು ಗೆರೆ ಎಳೆದ. ವೈರಿನ ತುದಿಗೆ ಹಾಕುವ ಟೊಪ್ಪಿಗಳು ಮೈಸೂರಿನಿಂದ ಬೆಳಿಗ್ಗೆ ಬಸ್ಸಿಗೆ ಬರಬೇಕಿತ್ತು. ಅಲ್ಲಿಯವರೆಗೆ ಇರಲಿ ಅಂತ ಎಲ್ಲವನ್ನೂ ಒಂದು ಹಿತ್ತಾಳೆ ಹರಿವಾಣದಲ್ಲಿಟ್ಟು, ಮೇಲೆ ಬಟ್ಟೆ ಮುಚ್ಚಿ ಮನೆಗೆ ಹೋದ.

ನಮ್ಮ ಅತ್ತೆ, ಅಂದರೆ ನನ್ನ ಹೆಂಡತಿಯ ತಾಯಿ, ಮಿರ್ಲೆಯಿಂದ ಬಂದಿದ್ದರು. ಆಚಾರದಲ್ಲಿ ಬಲು ಗಟ್ಟಿ. ಬೆಳಿಗ್ಗೆ ಎಲ್ಲರಿಗಿಂತ ಮುಂಚೆ ಸ್ನಾನ ಮಾಡಿ, ಮೊಮ್ಮಗಳು ಹೋಗುವ ಕಾರಿಗೆ ಪೂಜೆ ಮಾಡಲು ಹೊರಗೆ ಬಂದಿದ್ದಾರೆ. ಹರಿವಾಣದ ಬಟ್ಟೆ ಎತ್ತಿ ನೋಡಿದ್ದಾರೆ.

ಮೇಸ್ತ್ರಿ ಟೊಪ್ಪಿ ಹಿಡಿದು ಬರುವ ಹೊತ್ತಿಗೆ ಮನೆ ತುಂಬ ಜನ, ಗೇಟಿನಲ್ಲಿ ಓಲಗದವರು. ರಾಹುಕಾಲ ಬರುವುದರೊಳಗೆ ಹುಡುಗಿಯನ್ನು ಹೊರಡಿಸಿ ಅಂತ ಮದುವೆ ಮಾಡಿಸುವ ಅಯ್ಯನವರು ಅವಸರ ಮಾಡುತ್ತಿದ್ದರು. ಮೇಸ್ತ್ರಿ ಬಟ್ಟೆ ಎತ್ತಿದವನು ಹಾಗೇ ಕೂತುಬಿಟ್ಟ. ಆರು ವೈರಿಗೂ ತಿದ್ದಿ ತೀಡಿದ ಹಾಗೆ ಮೂರು ಮೂರು ಗೆರೆ.

"ಸಾವ್ಕಾರ್ರೇ, ಯಾರು ಮುಟ್ಟುದ್ರು ಇದ್ನ?"

"ನಾನೇ ಕಣಪ್ಪ," ಅಂದರು ಅತ್ತೆ. "ಅದೇನು, ಒಂದಕ್ಕೆ ಒಂದೇ ಗೆರೆ, ಇನ್ನೊಂದಕ್ಕೆ ಆರು? ವಿಭೂತಿ ಅಂದ್ರೆ ಮೂರು. ಯಾರೋ ತಿಳೀದೋರು ಹಚ್ಚಿದ್ರು. ಕಡಿಮೆ ಇದ್ದುದಕ್ಕೆ ಸೇರಿಸಿ, ಹೆಚ್ಚಾಗಿದ್ದುದ್ನ ಒರೆಸಿ ಸರಿ ಮಾಡಿದ್ದೀನಿ."

ಇಂಜಿನ್ನು ತಿರುಗಿಸಿ ಒಂದೊಂದೇ ಪತ್ತೆ ಹಚ್ಚಬಹುದು, ಆದರೆ ಅಷ್ಟು ಹೊತ್ತಿಗೆ ರಾಹುಕಾಲ ಬಂದು ಕೂತಿರುತ್ತದೆ ಅಂತ ಮೇಸ್ತ್ರಿ ನನ್ನ ಕಿವಿಯಲ್ಲಿ ಹೇಳಿದ. ನನ್ನ ಹೆಂಡತಿಯ ಕೈಗೆ ಆಗಲೇ ಚಿಕ್ಕ ಕಾರಿನ ಕೀ ಬಂದಿತ್ತು. ಮಗಳು ಸೀರೆ ಉಟ್ಟು ಹೊಸಿಲಲ್ಲಿ ನಿಂತು ನನ್ನನ್ನೇ ನೋಡುತ್ತಿದ್ದಳು. ನನಗೆ ನಿಜವಾಗಿಯೂ ಸಂಕಟವಾಯಿತು. ಕಾರು ಗುಜರಿಗೆ ಹೋಗುವುದು ಇರಲಿ, ಅವಳು ಕೇಳಿದ್ದೇ ಇದೊಂದು.

ವಿಷಯ ಏನು ಅಂತ ಅತ್ತೆ ಕೇಳಿ ತಿಳಿದುಕೊಂಡರು. ಯಾವುದಕ್ಕೆ ಎಷ್ಟಿತ್ತು ಅನ್ನುವುದು ತಾನೆ, ಅಷ್ಟಕ್ಕೆ ಯಾಕೆ ತಲೆ ಮೇಲೆ ಕೈ ಹೊತ್ತು ಕೂತಿದ್ದೀರಿ ಅಂತ ಗದರಿದರು. ಹರಿವಾಣ ಇಟ್ಟಲ್ಲೇ ಇತ್ತು. ಅದರ ಮುಂದೆ ಕೂತು, ಬೆಳಿಗ್ಗೆ ಒಂದೊಂದಕ್ಕೂ ಬೈದುಕೊಂಡದ್ದನ್ನು ನೆನಪು ಮಾಡಿಕೊಂಡು ಹೇಳುತ್ತ ಹೋದರು. ಪೂರ್ವಕ್ಕಿದ್ದದ್ದು ಒಂದು ಗೆರೆ, ಜಿಪುಣರು ಹಚ್ಚಿದ್ದು. ಅದರ ಪಕ್ಕದ್ದು ಆರು, ಗೋಡೆಗೆ ಸುಣ್ಣ ಬಳಿದ ಹಾಗೆ. ತುಳಸಿಕಟ್ಟೆ ಕಡೆಯದು ಎರಡು. ಬಾಗಿಲ ಕಡೆಯದಕ್ಕೆ ಮಾತ್ರ ಸರಿಯಾಗಿ ಮೂರಿತ್ತು, ಅದನ್ನು ಯಾರೋ ಸಂಸ್ಕಾರ ಇರುವವರು ಹಚ್ಚಿದ್ದಾರೆ ಅಂದರು. ಆರನ್ನೂ ಹಚ್ಚಿದ್ದ ಮೇಸ್ತ್ರಿ ಒಂದು ಸಲ ತಲೆ ತಗ್ಗಿಸಿ, ಒಂದು ಸಲ ಎತ್ತಿ, ಬರೆದುಕೊಂಡವನ ಹಾಗೆ ಮನಸ್ಸಿಗೆ ಹಾಕಿಕೊಂಡ.

"ಉಳಿದೆರಡರಲ್ಲಿ ಒಂದಕ್ಕೆ ನಾಕು, ಒಂದಕ್ಕೆ ಐದು. ಯಾವುದಕ್ಕೆ ಯಾವುದು ಅಂತ ಕೇಳ್ಬೇಡ," ಅಂದರು ಅತ್ತೆ. "ಒರೆಸೋವಾಗ ಯಾರು ಎಣಿಸ್ತಾರೆ?"

ಟೊಪ್ಪಿ ಹಾಕಿ, ಆ ಎರಡನ್ನು ಅಂದಾಜಿನ ಮೇಲೆ ಕೂಡಿಸಿ, ಕೀ ತಿರುಗಿಸಿದೆ. ಢಮಾರ್ ಅಂತು. ಕಾರಿಗೆ ಕಟ್ಟಿದ್ದ ಹೂವಿನ ಹಾರ ಉದುರಿತು. ಅದನ್ನೇ ಹೊರಡುವ ಸೂಚನೆ ಅಂದುಕೊಂಡ ಓಲಗದವರು ಗಟ್ಟಿಯಾಗಿ ಊದಲು ಶುರು ಮಾಡಿದರು. ನಿಲ್ಲಿಸಿ ಅಂದರೂ ಅವರಿಗೆ ಕೇಳಿಸುವಂತಿರಲಿಲ್ಲ. ಆ ಗಲಾಟೆಯಲ್ಲೇ ಮೇಸ್ತ್ರಿ ಎರಡು ವೈರು ಅದಲು ಬದಲು ಮಾಡಿ ಕೈಸನ್ನೆ ಮಾಡಿದ. ಮತ್ತೆ ತಿರುಗಿಸಿದೆ. ಇಂಜಿನ್ನು ಓಡುತ್ತಿದೆಯೋ ಇಲ್ಲವೋ ಅಂತ ಓಲಗದ ನಡುವೆ ಗೊತ್ತೇ ಆಗಲಿಲ್ಲ, ಮೇಸ್ತ್ರಿ ಕುಣಿಯುತ್ತಿದ್ದದ್ದನ್ನು ನೋಡಿ ತಿಳಿದೆ. ರಾಹುಕಾಲಕ್ಕೆ ಇನ್ನೂ ಸ್ವಲ್ಪ ಹೊತ್ತಿರುವಾಗಲೇ ಮಗಳು ಹತ್ತಿ ಕೂತಳು. ಹುಣಸೂರಿನಿಂದ ಕೆ.ಆರ್. ನಗರದವರೆಗೆ ಆ ಕಾರು ಒಂದು ಸಲವೂ ಕೆಮ್ಮಲಿಲ್ಲ. ಮಗಳು ದಾರಿಯುದ್ದಕ್ಕೂ ನಗುತ್ತಲೇ ಇದ್ದಳು, ನಾನು ಎದುರಿನ ರಸ್ತೆಯನ್ನು ಬಿಟ್ಟು ಕನ್ನಡಿಯಲ್ಲಿ ಅವಳನ್ನೇ ನೋಡಿ ಅತ್ತೆಯಿಂದ ಬೈಸಿಕೊಂಡೆ.

ಮಾರನೆಯ ದಿನ ಧಾರೆ ಮುಗಿದು ಊಟಕ್ಕೆ ಕೂತಾಗ ನನ್ನ ಹೆಂಡತಿ ಮಾತು ತೆಗೆದಳು. ದಾರಿಯಲ್ಲಿ ನಿಲ್ಲಲಿಲ್ಲ, ಒಪ್ಪುತ್ತೇನೆ. ಆದರೆ ಮನೆ ಮುಂದೆ ಮೊದಲ ಸಲಕ್ಕೆ ಏಳಲಿಲ್ಲ, ಊರಿಗೆಲ್ಲ ಕೇಳುವ ಹಾಗೆ ಢಮಾರ್ ಅಂತು, ಮಾತು ಅಂದರೆ ಮಾತು, ನಾಳೆ ಗುಜರಿಯವನಿಗೆ ಫೋನು ಮಾಡುತ್ತೇನೆ ಅಂದಳು. ಎದುರು ಸಾಲಿನಲ್ಲಿದ್ದ ಮೇಸ್ತ್ರಿ ಹೋಳಿಗೆ ತಿನ್ನುವುದನ್ನು ನಿಲ್ಲಿಸಿದ.

ಪಕ್ಕದಲ್ಲಿ ಕೂತಿದ್ದ ಅತ್ತೆ ತಮ್ಮ ಮಗಳ ಕಡೆ, ಅಂದರೆ ನನ್ನ ಹೆಂಡತಿಯ ಕಡೆ ತಿರುಗಿದರು.

"ಮೈತುಂಬ ವಿಭೂತಿ ಹಚ್ಚಿಸ್ಕೊಂಡಿರೋದನ್ನ ಗುಜರಿಗೆ ಹಾಕ್ತೀಯೇನೇ? ನಿಮ್ಮಪ್ಪನ ಹಣೇಲೂ ಒಂದಿನ ಅಷ್ಟು ನೆಟ್ಟಗೆ ನಿಂತಿರ್ಲಿಲ್ಲ."